ಕಾಲುವೆಯ ಆಚೆಯಿಂದ ಬಂದ ಕರೆ

ಸತ್ತವರು ಕರೆಯುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಲೇ ಕೂದಲು ಬೆಳ್ಳಗಾದವಳು ನಾನು. ದೆವ್ವ ಕಂಡೆವೆಂದು ಹೆದರಿ ಬಂದ ಮಕ್ಕಳನ್ನು ಅದೇ ಜಾಗಕ್ಕೆ ಕರೆದೊಯ್ದು, ಅದು ಬರೀ ಜಾಲಿಗಿಡ ಎಂದು ಮುಟ್ಟಿಸಿ ತೋರಿಸಿದ್ದೇನೆ. ಈಗಲೂ ದೆವ್ವ ಇದೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನನ್ನ ಕಿವಿಗೆ ಬಿದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಏನೆಂದು ತಿಳಿಯಬೇಕೋ ನೀವೇ ತಿಳಿಯಿರಿ.

ನಿವೃತ್ತಳಾದ ಮೇಲೆ ನನ್ನನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಸದಸ್ಯಳಾಗಿ ತೆಗೆದುಕೊಂಡರು. ಅಧ್ಯಕ್ಷರು ಒಬ್ಬ ನಿವೃತ್ತ ನ್ಯಾಯಾಧೀಶರು. ಅವರ ಜೊತೆ ಒಬ್ಬ ಮನೋವೈದ್ಯರು, ಮತ್ತೆ ನನ್ನಂಥ ಹೊರಗಿನವರು. ಕೊಲೆಯಂಥ ಅಪರಾಧ ಮಾಡಿ, ಆಗ ಬುದ್ಧಿ ಸ್ತಿಮಿತದಲ್ಲಿ ಇರಲಿಲ್ಲವೆಂದು ಕೋರ್ಟು ತೀರ್ಮಾನಿಸಿ ಆಸ್ಪತ್ರೆಗೆ ಕಳುಹಿಸಿದವರು ನಮ್ಮ ಮುಂದೆ ಬರುತ್ತಿದ್ದರು. ಅವರು ಗುಣವಾಗಿದ್ದಾರೆಯೇ, ಮನೆಗೆ ಕಳುಹಿಸಬಹುದೇ ಎಂದು ನಾವು ನೋಡಿ ಹೇಳಬೇಕಿತ್ತು. ಅಧ್ಯಕ್ಷರು ಯಾರನ್ನೂ ನಿಲ್ಲಿಸಿ ಮಾತಾಡಿಸುತ್ತಿರಲಿಲ್ಲ. ಕುರ್ಚಿ ಕೊಟ್ಟು, ಅವರು ಸರಿಯಾಗಿ ಕೂತ ಮೇಲೆಯೇ ಮಾತು ತೆಗೆಯುತ್ತಿದ್ದರು. ಆ ಒಂದು ಗುಣಕ್ಕಾಗಿಯೇ ನಾನು ಅವರ ಮಂಡಳಿಯಲ್ಲಿ ಉಳಿದೆ.

ಹಾಗೆ ಬಂದವರಲ್ಲಿ ಹಣಮಂತನೂ ಒಬ್ಬ. ಬೋನಾಳದ ಕಡೆಯ ಹಳ್ಳಿಯವನು. ತಲೆ ಕೆಟ್ಟಿದ್ದ ದಿನಗಳಲ್ಲಿ, ಅಣ್ಣ ನಿಂಗಪ್ಪ ಕಾಲುವೆ ನೀರಿಗೆ ವಿಷ ಬೆರೆಸುತ್ತಿದ್ದಾನೆಂಬ ಭ್ರಮೆ ಹತ್ತಿ, ಸಲಿಕೆಯಿಂದ ಹೊಡೆದು ಅವನನ್ನು ಕೊಂದಿದ್ದ. ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಔಷಧ ತೆಗೆದುಕೊಂಡು ಪೂರ್ತಿ ಸುಧಾರಿಸಿದ್ದ. ಆದರೆ ನೋಡಿಕೊಳ್ಳುತ್ತೇವೆಂದು ಮುಂದೆ ಬರುವ ಸಂಬಂಧಿಕರಿಲ್ಲದೆ ಬಿಡುವುದು ಹೇಗೆ? ಅವನಿಗೆ ಉಳಿದಿದ್ದವಳು ಒಬ್ಬಳೇ. ಅವನು ಕೊಂದ ಅಣ್ಣನ ಹೆಂಡತಿ, ದೇವಮ್ಮ.

"ಟೀಚರ್, ನೀವು ಆ ಕಡೆಯವರು. ಮುಂದಿನ ಸಭೆಗೆ ಮುಂಚೆ ಒಮ್ಮೆ ಹೋಗಿ ಅವಳನ್ನು ಮಾತಾಡಿಸಿ. ಒತ್ತಾಯ ಮಾಡಬೇಡಿ" ಎಂದರು ಅಧ್ಯಕ್ಷರು.

ಸುರಪುರದವರೆಗೆ ಬಸ್ಸು, ಅಲ್ಲಿಂದ ಟಂಟಂ ಆಟೊ. ಕಾಲುವೆಗೆ ನೀರು ಬಿಟ್ಟಿದ್ದ ದಿನಗಳು. ಎರಡೂ ಕಡೆ ಭತ್ತದ ನಾಟಿ ನಡೆದಿತ್ತು. ದೇವಮ್ಮ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆದುಕೊಳ್ಳುತ್ತಿದ್ದಳು. ಗಟ್ಟಿ ಹೆಂಗಸು. ಗಂಡ ಹೋದ ಮೇಲೆ ಹೊಲ ತಾನೇ ಮಾಡಿ, ಮಗಳನ್ನು ಓದಿಸಿ ಮದುವೆ ಮಾಡಿಕೊಟ್ಟವಳು. ನಾನು ಯಾಕೆ ಬಂದೆನೆಂದು ಹೇಳಿ ಮುಗಿಸುವವರೆಗೂ ಕೇಳಿದಳು. ಚಹಾ ಮಾಡಿ ಕೊಟ್ಟಳು.

"ಅಂವ ಆರಾಮ ಆದ್ನಂದ್ರ ಚಲೋನೇ ಆತು ಬಿಡ್ರಿ ಅಕ್ಕೋರ. ಆದ್ರ ಮನಿಗಿ ಕರಕೋ ಅಂತ ನನಗ ಅನ್ನಬ್ಯಾಡ್ರಿ. ಅಂವನ ಮಾರಿ ನೋಡಿ ರೊಟ್ಟಿ ಹ್ಯಾಂಗ ನೀಡಲಿ ನಾ?"

ಅವಳ ಜಾಗದಲ್ಲಿ ನಾನಿದ್ದರೆ ಚಹಾ ಕೂಡ ಕೊಡುತ್ತಿರಲಿಲ್ಲವೇನೋ. ಎದ್ದು ಹೊರಟೆ. ಟಂಟಂ ನಿಲ್ಲುವ ಜಾಗದವರೆಗೆ ಬಿಟ್ಟು ಬರುತ್ತೇನೆಂದು ಅವಳೂ ಜೊತೆಗೆ ಬಂದಳು.

ಹೊತ್ತು ಮುಳುಗಿತ್ತು, ಕತ್ತಲಾಗಿರಲಿಲ್ಲ. ಕಾಲುವೆಯ ಏರಿಯ ಮೇಲೆ ನಡೆದುಕೊಂಡು ಹೋಗುತ್ತಿದ್ದೆವು. ಗದ್ದೆಯವರೆಲ್ಲ ಮನೆ ಸೇರಿದ್ದರು. ಆಗ ಕಾಲುವೆಯ ಆಚೆಯಿಂದ ಒಬ್ಬ ಗಂಡಸು ಕೂಗಿದ.

"ಗುಂಡ್ಯಾ... ಏ ಗುಂಡ್ಯಾ... ಮನಿಗಿ ಬಾರೋ, ಉಣ್ಣಾಕ."

ಹೆದರಿಸುವ ದನಿಯಲ್ಲ ಅದು. ದಿನದ ಕೆಲಸ ಮುಗಿಸಿ ದಣಿದ ಮನುಷ್ಯ, ಆಟದಲ್ಲಿ ಮೈಮರೆತ ಹುಡುಗನನ್ನು ಕರೆದಂತೆ ಇತ್ತು. ನಾನು ಸಹಜವಾಗಿ ಆ ಕಡೆ ನೋಡಿದೆ. ನೀರು ನಿಂತ ಗದ್ದೆ, ಬರೀ ಬಯಲು. ಮನೆಯಿಲ್ಲ, ಗಿಡವಿಲ್ಲ, ಮನುಷ್ಯರಿಲ್ಲ.

"ಗುಂಡ್ಯಾ ಅಂದ್ರ ಯಾರವ್ವ? ಯಾರೋ ಕರ್ಯಾಕತ್ತಾರಲ್ಲ" ಎಂದೆ.

ದೇವಮ್ಮ ನಿಂತುಬಿಟ್ಟಳು. ನನ್ನ ಮುಖವನ್ನೇ ನೋಡಿದಳು.

"ನಿಮಗೂ ಕೇಳಸ್ತೇನ್ರಿ?"

"ಹೂಂ, ಕೇಳಸ್ತು. ಉಣ್ಣಾಕ ಬಾ ಅಂದ್ರು."

ಅವಳು ಏರಿಯ ಕಲ್ಲಿನ ಮೇಲೆ ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದಳು. ಗುಂಡ್ಯಾ ಎಂದರೆ ಹಣಮಂತ. ಅವ್ವ ಅಪ್ಪ ಬೇಗ ತೀರಿಕೊಂಡಿದ್ದರಿಂದ ಅಣ್ಣನೇ ಎತ್ತಿ ಆಡಿಸಿ ಇಟ್ಟ ಹೆಸರು. ನಿಂಗಪ್ಪನನ್ನು ಬಿಟ್ಟರೆ ಬೇರೆ ಯಾರೂ ಅವನನ್ನು ಹಾಗೆ ಕರೆದವರಲ್ಲ. ಕೊಲೆಯಾದ ದಿನವೂ ನಿಂಗಪ್ಪ ತಮ್ಮನನ್ನು ಊಟಕ್ಕೆ ಕರೆಯಲೆಂದೇ ಗದ್ದೆಗೆ ಹೋಗಿದ್ದ.

"ನಮ್ಮವರ ದನಿ ರೀ ಅದು. ಕಾಲುವಿಗಿ ನೀರು ಬಿಟ್ಟಾಗೆಲ್ಲ ಕೇಳಸ್ತದ. ನನಗ ಒಬ್ಬಾಕಿಗೇ ಕೇಳಸ್ತದ ಅಂತ ತಿಳದಿದ್ದೆ. ಮಗಳಿಗಿ ಸೈತ ಹೇಳಿಲ್ಲ. ಹೇಳಿದ್ರ ನನ್ನೂ ಆ ದವಾಖಾನಿಗಿ ಒಯ್ತಾರಂತ ಅಂಜಿಕಿ."

ನೀರು ಹರಿಯುವ ಸದ್ದು ಮಾತ್ರ ಇತ್ತು. ಮತ್ತೆ ಕರೆ ಬರಬಹುದೆಂದು ಇಬ್ಬರೂ ಕಾದೆವು. ಬರಲಿಲ್ಲ. ಕಡೆಗೆ ಅವಳು ಎದ್ದು ಸೀರೆ ಝಾಡಿಸಿಕೊಂಡಳು.

"ಹೊಡಸ್ಕೊಂಡಾಂವಗೇ ಸಿಟ್ಟಿಲ್ಲ ಅಕ್ಕೋರ. ಇನ್ನೂ ಉಣ್ಣಾಕ ಕರ್ಯಾಕತ್ತಾನ. ನಾ ಯಾರ ಸಲುವಾಗಿ ಸಿಟ್ಟು ಹಿಡಕೊಂಡು ಕುಂತೀನಿ?"

ಮುಂದಿನ ಸಭೆಗೆ ದೇವಮ್ಮ ಬಂದಳು. ಹಣಮಂತ ಅವಳನ್ನು ನೋಡಿದವನೇ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತ. ತಲೆ ಎತ್ತಲಿಲ್ಲ. ಅವಳೇ ಹೋಗಿ ಅವನ ತೋಳು ಹಿಡಿದು ಎಬ್ಬಿಸಿ ಮತ್ತೆ ಕುರ್ಚಿಯಲ್ಲಿ ಕೂರಿಸಿದಳು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ನಿಮಗೆ ಭಯವಿಲ್ಲವೇ ಎಂದು ಅವಳನ್ನು ಕೇಳಿದರು.

"ಅದ ರೀ ಸಾಹೇಬ್ರ. ಇಲ್ಲಂತ ಹ್ಯಾಂಗ ಹೇಳಲಿ? ಗುಳಿಗಿ ನಾನೇ ಕೈಯಾಗ ಕೊಟ್ಟು ನುಂಗಸ್ತೀನಿ. ಡಾಕ್ಟರ್ ಕರದಾಗ ಕರಕೊಂಡು ಬರ್ತೀನಿ. ಆದ್ರ ಅಂವಗ ಮನಿ ಅಂತ ಒಂದು ಅದ, ಅದಕ್ಕ ಬಂದೀನಿ."

ಆಮೇಲೆ ವೈದ್ಯರು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಹಣಮಂತನಿಗೂ ಕೇಳಿದರು. ಸುತ್ತ ಯಾರೂ ಇಲ್ಲದಾಗ ನಿನಗೆ ದನಿಗಳು ಕೇಳಿಸುತ್ತವೆಯೇ?

"ಇಲ್ರಿ. ಈಗ ಏನೂ ಕೇಳಸಂಗಿಲ್ಲ" ಎಂದ ಅವನು.

ಆ ಕೋಣೆಯಲ್ಲಿ ಅಂಥ ದನಿ ಕೇಳಿದವರು ಇಬ್ಬರಿದ್ದೆವು, ಒಬ್ಬಳು ಮೇಜಿನ ಆಚೆ, ಒಬ್ಬಳು ಈಚೆ. ದೇವಮ್ಮ ನೆಲ ನೋಡುತ್ತಿದ್ದಳು. ನಮ್ಮನ್ನು ಯಾರೂ ಕೇಳಲಿಲ್ಲ. ಮಂಡಳಿ ಒಮ್ಮತದಿಂದ ಶಿಫಾರಸು ಮಾಡಿತು. ಸರಕಾರದ ಆದೇಶ ಬಂದ ಮೇಲೆ ಹಣಮಂತ ಊರಿಗೆ ಹೋದ. ಈಗಲೂ ಅತ್ತಿಗೆಯ ಜೊತೆ ಗದ್ದೆ ಮಾಡಿಕೊಂಡು, ತಪ್ಪದೆ ಗುಳಿಗೆ ತೆಗೆದುಕೊಂಡು ಇದ್ದಾನೆ. ಅಷ್ಟು ದೊಡ್ಡ ಮನಸ್ಸಿನ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಆ ಸಂಜೆಯನ್ನು ನಾನು ಬಹಳ ಸಲ ಬಿಡಿಸಿ ನೋಡಿದ್ದೇನೆ. ನೀರಿನ ಮೇಲೆ ಸದ್ದು ದೂರ ಹೋಗುತ್ತದೆ, ಬೇರೆ ಹಳ್ಳಿಯ ಯಾರೋ ಮಗನನ್ನು ಕರೆದಿರಬಹುದು ಎಂದುಕೊಂಡೆ. ಆದರೆ ದನಿ ಎದುರಿನ ದಂಡೆಯಿಂದಲೇ ಬಂದಿತ್ತು. ಅವಳ ದುಃಖ ನನಗೂ ಅಂಟಿಕೊಂಡು ಹಾಗೆ ಕೇಳಿಸಿತೇ ಎಂದೂ ಯೋಚಿಸಿದೆ. ಆದರೆ ಆ ಹೆಸರು ನನಗೆ ಮೊದಲು ಗೊತ್ತೇ ಇರಲಿಲ್ಲ. ನಮ್ಮ ವೈದ್ಯರಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿವರೆಗೆ ಬಂದದ್ದು ಅಲ್ಲೇ ಉಳಿದಿದೆ.

ಈಗಲೂ ಮಂಡಳಿಯಲ್ಲಿದ್ದೇನೆ. ಯಾರಾದರೂ ನಮ್ಮ ಮುಂದೆ ಕೂತು, ಹೌದು, ದನಿ ಕೇಳಿಸುತ್ತದೆ ಎಂದರೆ ವೈದ್ಯರು ಬರೆದುಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಾನು ಅಷ್ಟರಲ್ಲಿ ನಡುವೆ ಬಾಯಿ ಹಾಕಿ ಒಂದು ಮಾತು ಕೇಳುತ್ತೇನೆ.

"ಏನಂತ ಕರೀತದಪ್ಪ ಅದು?"