ಎರಡರಿಂದ ಮೂರಕ್ಕೆ

ನಮ್ಮ ಕಲೆರ್ವೊ ಕಯಾನಿಯಲ್ಲಿ ಬಸ್ ಓಡಿಸುತ್ತಾನೆ. ಬಸ್ಸಿಳಿದರೆ ಕಂಪ್ಯೂಟರಿನ ಮುಂದೆ. ಇಷ್ಟು ದಣಿದ ಮನುಷ್ಯನನ್ನು ನಾನು ಫಿನ್ಲೆಂಡಿನಲ್ಲೆಲ್ಲೂ ಕಂಡಿಲ್ಲ. ಬೇಸಿಗೆ ಬಂದರೆ ನಮ್ಮಂಥ ನರೆತ ಹುಚ್ಚರೆಲ್ಲ ಐಸ್-ಹಾಕಿ ಆಟದ ಕ್ರೀಡಾಂಗಣದಲ್ಲಿ ಸೇರುತ್ತೇವೆ. ನಾಲ್ಕೇ ಕಿಲೋಬೈಟಿನ ಪ್ರೋಗ್ರಾಂ ಬರೆದು ದೊಡ್ಡ ಪರದೆಯ ಮೇಲೆ ಚಿತ್ರ ಕುಣಿಸುವುದೇ ಪಂದ್ಯ. ಗೆದ್ದವನಿಗೆ ಚಪ್ಪಾಳೆ, ಸೋತವನಿಗೂ ಸಾಸೇಜು.

ಕಲೆರ್ವೊ ಹಿಡಿದದ್ದು ಫ್ರಾಕ್ಟಲ್. ಸಂಖ್ಯೆಯನ್ನು ಘಾತಕ್ಕೇರಿಸಿ, ಒಂದಿಷ್ಟು ಕೂಡಿಸಿ, ಬಂದದ್ದನ್ನು ಮತ್ತೆ ಮತ್ತೆ ಅದೇ ಲೆಕ್ಕಕ್ಕೆ ಹಾಕಿದರೆ ಅಂಚೆಲ್ಲ ಕುಡಿಯೊಡೆದ ಆಕೃತಿ ಮೂಡುತ್ತದೆ. ಘಾತ ಎರಡಾದರೆ ಒಂದು ದೊಡ್ಡ ಹೊಟ್ಟೆ, ಮೂರಾದರೆ ಎರಡು. ನಡುವಿನ ಎರಡೂವರೆಗೆ ಹೋದಿರೋ, ಎಡಗಡೆ ಬಟ್ಟೆ ಹರಿದಂತೆ ಸೀಳು. ಆ ಸೀಳಿಗಾಗಿ ಇವನು ಎಷ್ಟೋ ಚಳಿಗಾಲ ಕಳೆದ. ಕೊನೆಗೆ ವರ್ಗ, ಘನ ಎರಡನ್ನೂ ಬೇರೆಯಾಗಿ ಲೆಕ್ಕಹಾಕಿ, ಒಂದನ್ನು ಇಳಿಸುತ್ತಾ ಇನ್ನೊಂದನ್ನು ಏರಿಸುತ್ತಾ ಬೆರೆಸಿದ. ಹಾಲಿಗೆ ಕಾಫಿ ಬೆರೆತಂತೆ ಎರಡು ಮೂರಾಯಿತು.

ಅವಸರವಿದ್ದದ್ದು ಇಲ್ಪೊಗಾಗಿ. ಈ ಚಿತ್ರಕ್ಕೆ ಸಂಗೀತ ಕೂಡಿಸಿದ ಗೆಳೆಯ. ಸಕ್ಕರೆ ಕಾಯಿಲೆ ಅವನ ಒಂದು ಕಣ್ಣು ತಿಂದಿತ್ತು, ಇನ್ನೊಂದನ್ನು ತಿನ್ನುತ್ತಿತ್ತು.

“ಈ ಬೇಸಿಗೇಲೇ ತೋರ್ಸಿಬಿಡೋ,” ಎಂದಿದ್ದ ಇಲ್ಪೊ. “ಮುಂದಿನ್ ವರ್ಷಕ್ಕೆ ನಂಗೆ ಪರದೆನೂ ಒಂದೇ, ಗೋಡೆನೂ ಒಂದೇ.”

ಪಂದ್ಯದ ದಿನ ಕಲೆರ್ವೊ ಬೆಳಗಿನ ಪಾಳಿ ಮುಗಿಸಿಯೇ ಬಂದು ಕುರ್ಚಿಗೆ ಬಿದ್ದ. ಪಂದ್ಯ ನಡೆಸುವ ವೆನ್ಲಾ ಬಂದು ಕರೆದಳು.

“ಕಲೆರ್ವೊ, ನಮ್ ಮಷೀನಲ್ಲಿ ಒಂದ್ಸಲ ಓಡ್ಸಿ ನೋಡು ಬಾ.”

“ಮನೇಲಿ ಓಡಿದೆ ಬಿಡು. ಕಾಲು ಏಳ್ತಿಲ್ಲ.”

ಏಳಬಾರದಿತ್ತೇ, ಪುಣ್ಯಾತ್ಮ! ಚಲನೆಯನ್ನು ಅವನು ಗಡಿಯಾರಕ್ಕೆ ಕಟ್ಟಿರಲಿಲ್ಲ. ಒಂದೊಂದು ಚಿತ್ರ ಮೂಡಿದಾಗಲೂ ಒಂದು ಹೆಜ್ಜೆ ಮುಂದೆ, ಅಷ್ಟೇ. ಅವನ ಮನೆಯ ಮುದಿ ಯಂತ್ರ ಏದುಸಿರು ಬಿಡುತ್ತಾ ಹಾಡಿನ ಜೊತೆಗೇ ನಡೆಯುತ್ತಿತ್ತು. ಪಂದ್ಯದ್ದು ಹೊಚ್ಚ ಹೊಸದು, ಕಣ್ಣು ಮಿಟುಕಿಸುವಷ್ಟರಲ್ಲಿ ನೂರಾರು ಚಿತ್ರ ಬಿಡಿಸಿ ಮುಗಿಸುವಂಥದ್ದು.

ದೀಪ ಆರಿತು. ನಾನು ಕಲೆರ್ವೊ, ಇಲ್ಪೊ ಇಬ್ಬರ ಹಿಂದಿನ ಸಾಲಿನಲ್ಲಿದ್ದೆ. ಪರದೆಯ ಮೇಲೆ ಎರಡರ ಆಕೃತಿ ಕಾಣಿಸಿಕೊಂಡಿತು, ಏನೋ ಮಿಣುಕಿತು, ಮೂರರದ್ದು ಬಂದು ನಿಂತುಬಿಟ್ಟಿತು. ಹಾಡು ಇನ್ನೂ ಶ್ರುತಿ ಹಿಡಿಯುತ್ತಿತ್ತು.

ಇಲ್ಪೊ ಮುಂದಕ್ಕೆ ಬಾಗಿ ಕೇಳಿದ, “ಹೊರಟಿತೇನೋ?”

ಕಲೆರ್ವೊ ಗೆಳೆಯನ ಕಿವಿಗೆ ಬಗ್ಗಿದ.

“ಈಗ ಹೊರಡ್ತಿದೆ ಕಣೋ. ಹೊಟ್ಟೆ ಮಧ್ಯ ಸಣ್ಣ ಗುಳಿ ಬೀಳ್ತಿದೆ… ನಿಧಾನಕ್ಕೆ… ಕುಡಿಗಳೆಲ್ಲ ಬಲಕ್ಕೆ ಹೊರಳ್ತಿವೆ…”

ಯಾರೋ ಶ್ ಎಂದರು. ಕಲೆರ್ವೊ ಮಾತು ನಿಲ್ಲಿಸಿ ಮುಖ ಮುಚ್ಚಿಕೊಂಡ.

“ಯಾಕೋ ನಿಲ್ಲಿಸ್ದೆ?” ಎಂದ ಇಲ್ಪೊ, ನಿಂತೇ ಇದ್ದ ಚಿತ್ರದಿಂದ ಮುಖ ತಿರುಗಿಸದೆ. “ಅದು ಅಲ್ಲಾಡ್ತಿಲ್ಲ ಅನ್ನೋದು ನಂಗೂ ಕಾಣುತ್ತೆ. ಹಾಡು ಇನ್ನೂ ಮುಗಿದಿಲ್ಲ. ಹೇಳು.”