ಬದುಕಿದ್ದವಳ ದಿವಸದ ಊಟ

ನಾನು ಬೆಳವಣಕಿಯ ಕಾಕಾನ ಮನೆಗೆ ಹೋದಾಗ ಅವನು ತನ್ನ ಮಗಳ ಫೋಟೋಕ್ಕೆ ಹಾರ ಹಾಕಿ ಕೂತಿದ್ದ. ಮಗಳು ಸತ್ತಿರಲಿಲ್ಲ. ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಮದುವೆಯಾಗಿ ಗಜೇಂದ್ರಗಡದಲ್ಲಿ ಸಂಸಾರ ಹೂಡಿದ್ದಳು. ಅಷ್ಟಕ್ಕೇ ಮನೆಯ ಗಂಡಸರು ಅವಳು ಸತ್ತಳೆಂದು ಸಾರಿ, ತಲೆಯ ಮೇಲೆ ನೀರು ಹೊಯ್ದುಕೊಂಡು, ದಿವಸದ ಊಟಕ್ಕೆ ಬಂಧುಬಳಗವನ್ನೆಲ್ಲ ಕರೆದಿದ್ದರು. ಇನ್ನು ಅವಳು ಹೊಸ್ತಿಲು ತುಳಿಯುವಂತಿಲ್ಲ, ಹೆತ್ತವಳು ಅವಳ ಮುಖ ನೋಡುವಂತಿಲ್ಲ.

ಎಲೆ ತುಂಬ ಗೋಧಿ ಹುಗ್ಗಿ, ಮೇಲೆ ಧಾರಾಳ ತುಪ್ಪ. ಎಲ್ಲರೂ ಸೊರ್ರೆಂದು ಉಣ್ಣುತ್ತ, ಓಡಿ ಹೋದಳು, ಓಡಿ ಹೋದಳು ಎಂದು ಅದೇ ಮಾತು ಆಡುತ್ತಿದ್ದರು. ಹೆಂಡತಿ ಮಕ್ಕಳನ್ನು ಬಿಟ್ಟು ರೋಣದಲ್ಲಿ ಇನ್ನೊಂದು ಮನೆ ಮಾಡಿದ ದೊಡ್ಡಪ್ಪ ಎಲ್ಲರಿಗಿಂತ ಮುಂದೆ ಕೂತಿದ್ದ. ಅವನು ಓಡಿ ಹೋದನೆಂದು ಈವರೆಗೆ ಒಬ್ಬರೂ ಅಂದಿಲ್ಲ. ನಾನು ನನ್ನ ಎಲೆಯ ಹುಗ್ಗಿಯನ್ನು ಬದಿಗೆ ಸರಿಸಿದೆ.

ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಕಾಕಾ ಬಾಯಲ್ಲಿ ತುತ್ತಿಟ್ಟುಕೊಂಡೇ ಕೇಳಿದ:

"ಹಿಂಗ ಓಡಿ ಹೋಗೂದಕ್ಕ ಇಂಗ್ಲಿಷ್‌ನ್ಯಾಗ ಏನಂತಾರವಾ?"

ಪೀಡೆ ತೊಲಗಲಿ ಎಂದು 'ಎಲೋಪ್' ಅಂದೆ. ಅವನಿಗೆ ಖುಷಿಯಾಯಿತು. ಹುಗ್ಗಿಯ ಜೊತೆಗೇ ಆ ಶಬ್ದವನ್ನೂ ಅಗಿದು ಅಗಿದು ನೋಡಿದ. ನರಗುಂದದ ಪೇಟೆಯಲ್ಲಿ ಕಾಳಿನ ವ್ಯಾಪಾರಿಗಳು ಕೇಳಿದರೆ ಇದನ್ನೇ ಹೇಳಿದರಾಯಿತು, ಕೇಳಲಿಕ್ಕೆ ಮರ್ಯಾದೆಯಾಗಿದೆ ಎಂದ. ಥೂ, ಇವರ ಮರ್ಯಾದೆಗಿಷ್ಟು!

ಅರ್ಧ ಎಲೆಯಲ್ಲೇ ಎದ್ದು ಅಡುಗೆಮನೆಗೆ ಹೋದೆ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಹುಗ್ಗಿ ತಿರುವುತ್ತಿದ್ದಳು. ಮಗಳ ದಿವಸದ ಅಡುಗೆಯನ್ನು ತಾಯಿಯ ಕೈಯಿಂದಲೇ ಮಾಡಿಸಿದ್ದರು, ನಾಚಿಕೆಗೆಟ್ಟವರು. ಹೊರಗಿನ ಮಾತು ಅವಳಿಗೆ ಕೇಳಿಸಿತ್ತು. ಆ ಇಂಗ್ಲಿಷ್ ಶಬ್ದದ ಅರ್ಥವೇನೆಂದು ಕೇಳಿದಳು. ಮದುವೆಯಾಗಲು ಮನೆಯಲ್ಲಿ ಯಾರಿಗೂ ಹೇಳದೆ ಗುಟ್ಟಾಗಿ ಹೋಗಿಬಿಡುವುದು ಎಂದೆ.

ಚಿಗವ್ವ ಸೌಟು ಕೆಳಗಿಟ್ಟಳು.

"ಹಂಗಾದ್ರ ಅದು ಸುಳ್ಳ ಬಿಡವಾ. ನನಗ ಹೇಳೇ ಹೋಗ್ಯಾಳ. ರೊಟ್ಟಿ ಕಟ್ಟಿಕೊಟ್ಟು ನಾನ ಬಸ್ ಹತ್ತಿಸಿ ಬಂದೇನಿ."

ಪಡಸಾಲೆಯಿಂದ ಕಾಕಾ ಇನ್ನಷ್ಟು ಹುಗ್ಗಿ ತರಲು ಕೂಗಿದ. ಚಿಗವ್ವ ಸೆರಗಿಗೆ ಕೈ ಒರೆಸಿಕೊಂಡು ಬರಿಗೈಯಲ್ಲೇ ಹೊರಗೆ ನಡೆದಳು. ಮಗಳ ಫೋಟೋದ ಮೇಲಿನ ಹಾರ ತೆಗೆದು ಅಂಗಳಕ್ಕೆ ಎಸೆದಳು. ಫೋಟೋವನ್ನು ಕಂಕುಳಲ್ಲಿ ಇಟ್ಟುಕೊಂಡು ಚಪ್ಪಲಿ ಮೆಟ್ಟಿದಳು. ಉಣ್ಣುವವರ ಕೈ ನಿಂತವು.

"ಗಜೇಂದ್ರಗಡಕ್ಕ ಹೊಂಟೇನ್ರಿ, ಮಗಳ ಮನಿಗಿ," ಎಂದಳು ಗಂಡನಿಗೆ. "ನಾನೂ ಹೇಳೇ ಹೊಂಟೇನಿ."