ಕೇಳುವ ಖಾಸಿಂ ಚಾಚಾ

ಮೈಕು ಕೈಗೆ ಬಂದರೆ ಎಲ್ಲರೂ ಭಾಷಣ ಮಾಡುತ್ತಾರೆ. ಖಾಸಿಂ ಚಾಚಾ ಪ್ರಶ್ನೆ ಕೇಳುತ್ತಿದ್ದರು. ಮಾನ್ವಿ ಸಂತೆಯಲ್ಲಿ ಎತ್ತಿನ ಹಗ್ಗ, ಮೂಗುದಾರ, ಗೆಜ್ಜೆ ಮಾರುವುದು ಅವರ ಕಸುಬು. ನಮ್ಮ ಕುರ್ಡಿಯ ಸುಗ್ಗಿ ಹಬ್ಬದಲ್ಲಿ ಮೈಕು ಮಾತ್ರ ಪ್ರತಿ ವರ್ಷ ಅವರದೇ. ಕಲ್ಲು ಎಳೆಯುವ ಸ್ಪರ್ಧೆಗೆ ಎತ್ತಿನ ಜೋಡಿ ಬಂದು ನಿಂತರೆ ಸಾಕು, "ಯಣ್ಣಾ, ಇವಕ್ಕ ಮುಂಜಾನಿ ಏನ್ ತಿನಸೀರಿ? ಬಲಗಡಿಂದು ಯಾಕ ಸಿಟ್ಟಿಗೆದ್ದದ?" ಎಂದು ಶುರುಮಾಡುವರು. ಉತ್ತರ ಬರುವ ತನಕ ಕಲ್ಲಿಗೆ ಹಗ್ಗ ಬಿಗಿಯಲು ಬಿಡುತ್ತಿರಲಿಲ್ಲ.

"ಇಷ್ಟೆಲ್ಲಾ ಯಾಕ ಕೇಳ್ತೀರಿ ಚಾಚಾ?" ಎಂದು ಒಮ್ಮೆ ಕೇಳಿದ್ದೆ.

"ನಂದು ಒಂದ್ ಗೇಣು ಹೊಲಾ ಇಲ್ಲ ಬೇಟಿ. ಉಣ್ಣಾಕತ್ತಿದ್ದು ಹೆಂಗ ಬೆಳೀತದ ಅಂತ ಕೇಳಿಯಾದ್ರೂ ತಿಳ್ಕೋಬೇಕಲ್ಲ?"

ಒಂದು ವರ್ಷ ಒಳ್ಳೆಯ ಜೋಳ ಬೆಳೆದದ್ದಕ್ಕೆ ನಮ್ಮ ಓಣಿಯ ಬಸಪ್ಪನಿಗೆ ಸನ್ಮಾನ. ಶಾಲು ಹೊದಿಸಿ ಮುಗಿಸಿದ್ದರೆ ಮುಗಿಯುತ್ತಿತ್ತು. ಚಾಚಾ ಮೈಕು ಹಿಡಿದು, "ಬಸಪ್ಪಣ್ಣಾ, ಯಾವ ಮಳಿಗೆ ಬಿತ್ತಿದ್ರಿ?" ಎಂದರು. ಬಸಪ್ಪ ಹೆಂಗಸರು ಕುಳಿತಿದ್ದ ಕಡೆ ನೋಡಿದ. ಅಲ್ಲಿಂದ ಅವನ ಹೆಂಡತಿ ಈರಮ್ಮ ಮೆಲ್ಲಗೆ, "ಹಸ್ತಿ ಮಳಿಗೆ" ಎಂದಳು. "ಬೀಜ ಎಲ್ಲಿಂದು?" ಬಸಪ್ಪ ಮತ್ತೆ ಅತ್ತ ನೋಡಿದ. "ಹೋದ ವರ್ಷದ್ದ. ಬೂದಿ ಕಲಸಿ ಗಡಿಗ್ಯಾಗ ಇಟ್ಟಿದ್ದೆ" ಎಂದಳು ಈರಮ್ಮ.

ಜನ ನಗತೊಡಗಿದರು. ಬಸಪ್ಪನ ಮುಖ ಕಪ್ಪಿಟ್ಟಿತು. ಹಬ್ಬದ ಹಿರಿಯರೊಬ್ಬರು ಚಾಚಾನ ತೋಳು ಹಿಡಿದು, "ಸಾಕು ಮಾಡ್ರಿ, ಮಂದಿ ಮುಂದ ಮರ್ಯಾದಿ ಕಳೀಬ್ಯಾಡ್ರಿ" ಎಂದರು. ಚಾಚಾ ಪೆಚ್ಚಾದರು. ಯಾರನ್ನೂ ನೋಯಿಸುವ ಮನಸ್ಸು ಅವರದಲ್ಲ; ನಿಜವಾಗಿಯೂ ಅವರಿಗೆ ಉತ್ತರ ಬೇಕಾಗಿತ್ತು. ಮೈಕು ಕೆಳಗಿಳಿಸಿ, "ಮಾಫ್ ಮಾಡ್ರಿ ಬಸಪ್ಪಣ್ಣಾ" ಎಂದರು.

ಬಸಪ್ಪ ಹೆಗಲ ಮೇಲಿನ ಶಾಲು ತೆಗೆದು ಕೈಯಲ್ಲಿ ಹಿಡಿದ. ಆಮೇಲೆ ವೇದಿಕೆಯ ಅಂಚಿಗೆ ಬಂದು, "ಏ ಈರವ್ವ, ಮ್ಯಾಲ ಬಾ. ನೀನ ಹೇಳು" ಎಂದ.

"ನಾ ಒಲ್ಲೆ. ನಾಚಿಕಿ ಬರ್ತದ."

"ಬಿತ್ತೂವಾಗ ನಾಚಿಕಿ ಬಂದಿತ್ತೇನು? ಬಾ!"

ಪಕ್ಕದ ಹೆಂಗಸರು ನೂಕಿಯೇ ಕಳಿಸಿದರು. ಚಾಚಾ ಎದುರು ನಿಂತ ಈರಮ್ಮ ಮೊದಲು ನೆಲ ನೋಡುತ್ತ, ಆಮೇಲೆ ಕೈ ಬೀಸುತ್ತ, ಹಕ್ಕಿ ಕಾದದ್ದು, ಕಳೆ ತೆಗೆದದ್ದು ಎಲ್ಲ ಹೇಳಿದಳು. ಕೋಲಾಟದವರು ಕಾದು ಕಾದು ಕೂತುಬಿಟ್ಟರು. ಮರುವರ್ಷದಿಂದ ಸನ್ಮಾನಕ್ಕೆ ಗಂಡ ಹೆಂಡತಿ ಇಬ್ಬರ ಹೆಸರನ್ನೂ ಕೂಗುವುದು ರೂಢಿಯಾಯಿತು.

ವಯಸ್ಸಾದಂತೆ ಚಾಚಾಗೆ ಕಿವಿ ಕೇಳುವುದು ನಿಂತಿತು. ಅವರು ಕೇಳುವುದು ನಿಲ್ಲಲಿಲ್ಲ. ನಾನು ಅವರನ್ನು ಕಡೆಯ ಸಲ ಕಂಡದ್ದು ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ. ಗಬ್ಬೂರಿನ ಮಗಳ ಮನೆಗೆ ಹೊರಟಿದ್ದರು. ಪಕ್ಕದಲ್ಲಿ ಹಸಿ ಕಡಲೆ ಗಿಡದ ಕಟ್ಟು ಇಟ್ಟುಕೊಂಡ ಮುದುಕಿ ಇದ್ದಳು.

"ಯವ್ವಾ, ಈ ಸಲ ಕಡ್ಲಿ ಹೆಂಗ ಬಂದದ?"

"ಚಲೋ ಬಂದದ ಯಪ್ಪಾ."

ಚಾಚಾ ಕಿವಿಗೆ ಕೈ ಹಿಡಿದರು. ಮುದುಕಿ ಕೂಗಿದಳು, ನಾನೂ ಕೂಗಿದೆ. ಅವರು ತಲೆ ಅಲ್ಲಾಡಿಸಿದರು. ಮುದುಕಿ ಒಂದು ಕಾಯಿ ಬಿಡಿಸಿ ಹಸಿರು ಕಾಳನ್ನು ಅವರ ಅಂಗೈಗೆ ಹಾಕಿದಳು. ಚಾಚಾ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನಕ್ಕೆ ಅಗಿದರು.

"ಹಾಂ, ಈಗ ತಿಳೀತು ನೋಡವ್ವಾ" ಎಂದು ನಕ್ಕು ಗಬ್ಬೂರಿನಲ್ಲಿ ಇಳಿದುಹೋದರು.